ಕಾಗದದ ಮನಿಯ ಬಸವೇಶ್ವರಿ

ಸುರಪುರದ ಕೃಷ್ಣಾತೀರ ಸಂಶೋಧನ ಗ್ರಂಥಾಲಯವನ್ನು ಆ ಹೆಸರಿನಿಂದ ಕರೆಯುವವರು ಊರಲ್ಲಿ ಹತ್ತು ಮಂದಿ ಸಿಕ್ಕರೆ ಹೆಚ್ಚು. ಉಳಿದವರಿಗೆಲ್ಲ ಅದು ಕಾಗದದ ಮನಿ. ಹಳೆಯ ವಾಡೆಯೊಂದರ ಮೇಲಂತಸ್ತು, ಕೆಳಗೊಂದು ಪಡಸಾಲೆ, ಒಳಗೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಸಾವಿರದ ನೂರ ನಲವತ್ತು ಕಟ್ಟು. ಸಂಸ್ಥಾನದ ಕಾಲದ ಪತ್ರಗಳು, ನಿಜಾಮ ಸರಕಾರದ ಉರ್ದು ಹುಕುಂಗಳು, ಮಠಗಳಿಂದ ಬಂದ ಓಲೆಗರಿ, ಯಾರದೋ ಹೊಲದ ಬದುವಿನ ಜಗಳದ ಕಾಗದ. ಆ ಮನೆಯಲ್ಲಿ ಬಸವೇಶ್ವರಿ ಮೂವತ್ತನಾಲ್ಕು ವರ್ಷ ದುಡಿದಳು. ಯಾವ ಕಟ್ಟು ಯಾವ ಕಪಾಟಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಧಾರವಾಡದಿಂದ, ಪುಣೆಯಿಂದ, ಒಮ್ಮೆ ಜರ್ಮನಿಯಿಂದಲೂ ಬಂದ ಸಂಶೋಧಕರು ತಮ್ಮ ಪುಸ್ತಕಗಳಲ್ಲಿ 'ಗ್ರಂಥಾಲಯದ ಸಿಬ್ಬಂದಿಗೆ' ವಂದನೆ ಹೇಳಿದರು. ಸಿಬ್ಬಂದಿ ಅಂದರೆ ಬಸವೇಶ್ವರಿ, ಮತ್ತೊಬ್ಬ ಜವಾನ.

ಅವಳು ಶಹಾಪುರದ ಅರಿವೆ ಅಂಗಡಿಯವರ ಮಗಳು. ಹುಣಸಗಿಯ ಮಾಸ್ತರನಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷಕ್ಕೆ ಆತ ಕಾಮಾಲೆಯಾಗಿ ತೀರಿಕೊಂಡ. ತವರಿಗೆ ಬಂದವಳನ್ನು ಅಣ್ಣ ಮಲ್ಲಣ್ಣ ಹೊರಗೆ ಹಾಕಲಿಲ್ಲ, ಒಳಗೂ ಕರೆದುಕೊಳ್ಳಲಿಲ್ಲ. "ಮುಂಜಾನೆ ಬೋಣಿ ಆಗೂತನ ಅಂಗಡಿ ಕಡಿ ಬರಬ್ಯಾಡ" ಅಂದ, ಅಷ್ಟೇ. ಆ ಒಂದು ಮಾತು ಅವಳನ್ನು ಗುಲಬರ್ಗಾಕ್ಕೆ ಕಳಿಸಿತು. ಅಲ್ಲಿ ಆರು ತಿಂಗಳು ಗ್ರಂಥಾಲಯದ ಕೋರ್ಸು ಮಾಡಿಕೊಂಡು ಬಂದು, ಎಂಬತ್ತೆಂಟರಲ್ಲಿ, ಇಪ್ಪತ್ತಾರರ ವಯಸ್ಸಿಗೆ, ಸುರಪುರದ ಕಾಗದದ ಮನೆಯ ಮೆಟ್ಟಿಲು ಹತ್ತಿದಳು.

ಕೆಲಸ ಕೊಟ್ಟವರು ಗ್ರಂಥಾಲಯದ ಕಾರ್ಯದರ್ಶಿ ವಿಶ್ವರಾಧ್ಯರು. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಗಂಭೀರ ಮನುಷ್ಯ, ಇಸ್ತ್ರಿ ಮಾಡಿದ ಧೋತರ, ಅಳೆದು ಆಡುವ ಮಾತು. ಗಂಡ ಸತ್ತ ಹೆಣ್ಣುಮಗಳು ಅಂತ ಮುಖ ತಿರುಗಿಸದೆ ಕುರ್ಚಿ ತೋರಿಸಿ ಕೂಡಿಸಿದ ಮೊದಲ ಮನುಷ್ಯ ಅವರೇ. ಬಸವೇಶ್ವರಿ ಅದನ್ನು ಮರೆಯಲಿಲ್ಲ. ಆದರೆ ಕೆಲಸ ಹಂಗಾಮಿ. ಹನ್ನೊಂದು ತಿಂಗಳಿಗೊಮ್ಮೆ ಆದೇಶ ಮುಗಿಯುತ್ತಿತ್ತು, ಹನ್ನೊಂದು ತಿಂಗಳಿಗೊಮ್ಮೆ ಅವರ ಮೇಜಿನ ಮುಂದೆ ನಿಂತು ಹೊಸ ಆದೇಶ ಇಸಿದುಕೊಳ್ಳಬೇಕಾಗಿತ್ತು. ಹಾಗೆ ಹದಿನೈದು ವರ್ಷ ನಿಂತಳು.

ಕೆಲಸ ಕಲಿಸಿದವನು ಮಾತ್ರ ಜವಾನ ಶರೀಫಸಾಬ.

ಆತ ರಂಗಂಪೇಟೆಯವನು. ಕಾಗದಪತ್ರದ ಪ್ರಕಾರ ಕಸ ಹೊಡೆಯುವುದು, ನೀರು ತುಂಬುವುದು, ಹರಿದ ಪುಸ್ತಕ ಹೊಲಿಯುವುದು ಆತನ ಕೆಲಸ. ಆದರೆ ಉರ್ದು, ಫಾರಸಿ ಎರಡೂ ಓದುತ್ತಿದ್ದ, ಕನ್ನಡ ಸ್ವಂತ ಬಲದಿಂದ ಕಲಿತಿದ್ದ. ಮೈದಾ ಗಂಜಿಗೆ ಎಷ್ಟು ಮೈಲುತುತ್ತ ಹಾಕಿದರೆ ಹುಳ ಬೀಳುವುದಿಲ್ಲ, ಒಣಗಿದ ಓಲೆಗರಿಗೆ ಯಾವ ಎಣ್ಣೆ ಸವರಬೇಕು, ಹಳೆಯ ಕಾಗದವನ್ನು ಬೆರಳ ತುದಿಯಿಂದಲ್ಲ, ಅಂಗೈಯಿಂದ ಎತ್ತಬೇಕು, ಇವನ್ನೆಲ್ಲ ಬಸವೇಶ್ವರಿಗೆ ಹೇಳಿಕೊಟ್ಟ. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಹಳೆಯ ಕಾರ್ಡುಗಳ ಬೆನ್ನಿಗೆ ಉರ್ದುವಿನ ಅಲಿಫ್, ಬೇ ಬರೆದು ತಿದ್ದಿಸಿದ. ಅವಳು ಆತನನ್ನು ಕಾಕಾ ಅನ್ನುತ್ತಿದ್ದಳು, ಆತ ಅವಳನ್ನು ತಂಗಿ ಅನ್ನುತ್ತಿದ್ದ.

ಆ ಕಾಗದಗಳು ಉಳಿದದ್ದೇ ಆತನಿಂದ. ಎಂಬತ್ತಮೂರರ ಶ್ರಾವಣದಲ್ಲಿ ವಾಡೆಯ ಮಣ್ಣಿನ ಮಾಳಿಗೆ ಕುಸಿದು ಎರಡು ದಿನ ಕಟ್ಟುಗಳ ಮೇಲೆ ಮಳೆ ಸುರಿಯಿತು. ಕಮಿಟಿಯವರು ಬಂದು ಮೂಗು ಮುಚ್ಚಿಕೊಂಡು ನೋಡಿದರು. ಕೊಳೆತು ಹೋಗ್ಯಾದ, ತಿಪ್ಪಿಗೆ ಹಾಕಸ್ರಿ ಅಂದರು. ಹಾಕುವ ಕೆಲಸ ಶರೀಫಸಾಬನಿಗೆ ಬಂತು. ಆತ ಒಂದು ತಳ್ಳುಗಾಡಿ ತಂದು, ಮೂರು ದಿನ ಹೇರಿ, ತಿಪ್ಪೆಯ ಬದಲು ರಂಗಂಪೇಟೆಯ ತನ್ನ ಮನೆಗೆ ಒಯ್ದ. ನಾಲ್ಕು ತಿಂಗಳು ಹಾಳೆ ಹಾಳೆ ಬಿಡಿಸಿ ಹಗ್ಗಕ್ಕೆ ಹಾಕಿ, ಮಂಚಕ್ಕೆ ಹಾಸಿ, ಬಿಸಿಲಿಲ್ಲದ ದಿನ ಕೆಂಡದ ಮೇಲೆ ಬುಟ್ಟಿ ಬೋರಲಾಗಿಟ್ಟು ಅದರ ಮೇಲೆ ಒಣಗಿಸಿದ. ಹೊಸ ಮಾಳಿಗೆ ಹಾಕಿಸಿದ ಮೇಲೆ ತಿರುಗಿ ತಂದು ಜೋಡಿಸಿದ. ಕಮಿಟಿಯವರು ಆಶ್ಚರ್ಯಪಟ್ಟರು, ಚಹಾ ಕುಡಿಸಿದರು.

ಆಮೇಲೆ ಶುರುವಾದದ್ದು ಯಾದಿ. ಉದ್ದನೆಯ ರಿಜಿಸ್ಟರೊಂದರಲ್ಲಿ ಪ್ರತಿ ಕಟ್ಟಿಗೂ ನಂಬರು ಕೊಟ್ಟು, ಯಾವ ಭಾಷೆ, ಯಾವ ಊರಿಂದ ಬಂತು, ಒಳಗೇನಿದೆ ಅಂತ ಶರೀಫಸಾಬ ಉರ್ದುವಿನಲ್ಲಿ ಬರೆಯುತ್ತ ಹೋದ. ಬಸವೇಶ್ವರಿ ಬಂದ ಮೇಲೆ ಕನ್ನಡದ ಕಟ್ಟುಗಳನ್ನು ಅವಳು ಓದಿ ಹೇಳಿದಳು, ಆತ ಬರೆದ. ತೊಂಬತ್ತೆರಡರಲ್ಲಿ ಯಾದಿ ಮುಗಿಯಿತು. ಮುಂದಿನ ವರ್ಷ ಅದನ್ನೇ ಅವಳು ಕನ್ನಡಕ್ಕೆ ಇಳಿಸಿ ಟೈಪು ಮಾಡಿದಳು. ಅದು ಪುಸ್ತಕವಾಗಿ ಅಚ್ಚಾದಾಗ ರಕ್ಷಾಪುಟದ ಮೇಲೆ ಸಂಪಾದಕರು ವಿಶ್ವರಾಧ್ಯ ಅಂತ ಇತ್ತು. ಆ ಪುಸ್ತಕ ನೋಡಿಯೇ ವಿಶ್ವವಿದ್ಯಾಲಯದವರು ಮಾನ್ಯತೆ ಕೊಟ್ಟರು, ಸರಕಾರ ಅನುದಾನ ಕೊಟ್ಟಿತು.

"ಹಳೇ ರಿಜಿಸ್ಟರ್ ಬ್ಯಾಡಲ್ರಿ ಇನ್ನ? ನಾ ಒಯ್ಯಲಾ?" ಅಂತ ಶರೀಫಸಾಬ ಕೇಳಿದ. ವಿಶ್ವರಾಧ್ಯರು ತಲೆ ಎತ್ತದೆ "ಒಯ್ಯಿ" ಅಂದರು.

ಎರಡು ಸಾವಿರದ ಮೂರರಲ್ಲಿ ಗ್ರಂಥಾಲಯಕ್ಕೆ ಐವತ್ತು ತುಂಬಿತು. ಸುವರ್ಣ ಮಹೋತ್ಸವ, ಮಂತ್ರಿಗಳು ಬರುವವರಿದ್ದರು, ಸ್ಮರಣ ಸಂಚಿಕೆ ಬರಬೇಕಾಗಿತ್ತು. ಸಂಚಿಕೆಗೆ ಗ್ರಂಥಾಲಯದ ಇತಿಹಾಸ ಬರೆಯುವ ಕೆಲಸವನ್ನು ಕಾರ್ಯದರ್ಶಿಗಳು ಬಸವೇಶ್ವರಿಗೆ ಹಚ್ಚಿದರು. ಹೆಸರು ಅವರದು, ಬರವಣಿಗೆ ಅವಳದು. ಅದರಲ್ಲಿ ಹೊಸದೇನೂ ಇರಲಿಲ್ಲ, ಅವರ ಭಾಷಣಗಳನ್ನೂ ಅವಳೇ ಬರೆಯುತ್ತಿದ್ದಳು. ಹದಿನೆಂಟು ಪುಟ ಬರೆದುಕೊಟ್ಟಳು. ಮಾಳಿಗೆ ಬಿದ್ದದ್ದು, ತಳ್ಳುಗಾಡಿ, ರಂಗಂಪೇಟೆ, ಉರ್ದು ರಿಜಿಸ್ಟರು ಎಲ್ಲ ಇತ್ತು.

ಮರುದಿನ ಕರೆದರು. ಕೆಂಪು ಪೆನ್ನಿನಿಂದ ಎರಡು ಪುಟಕ್ಕೆ ಅಡ್ಡಗೆರೆ ಎಳೆದಿದ್ದರು.

"ಶರೀಫ ಒಳ್ಳೇ ಮನಷ್ಯ, ನನಗ್ ಗೊತ್ತದ" ಅಂದರು ವಿಶ್ವರಾಧ್ಯರು. "ಆದ್ರ ನೋಡವ್ವ, ಇದು ಸಂಶೋಧನ ಸಂಸ್ಥೆ. ಕ್ಯಾಟಲಾಗ್ ಮಾಡಿದವ ಕಸ ಹೊಡಿಯೋ ಜವಾನ ಅಂದ್ರ ನಾಳಿ ಯಾವ ವಿದ್ವಾಂಸ ಇಲ್ಲಿ ಕಾಲಿಡ್ತಾನ? ಕಮಿಟಿ ಕಾಗದ ತಿಪ್ಪಿಗೆ ಹಾಕಸ್ರಿ ಅಂದಿತ್ತು ಅಂತ ಮಂತ್ರಿಗಳ ಮುಂದ ನಾವೇ ಬರಕೊಳ್ಳೋದೇನು?"

"ಮತ್ತ ಹ್ಯಾಂಗ ಬರೀಲ್ರಿ?"

"ಕಾರ್ಯದರ್ಶಿಗಳ ಮಾರ್ಗದರ್ಶನದಾಗ ಆಯ್ತು ಅಂತ ಬರಿ. ಸುಳ್ಳೇನಲ್ಲ. ನಾ ಇರ್ಲಿಲ್ಲೇನು?"

ಮೇಜಿನ ಮೇಲೆ, ಅವರ ಕೈಗೆ ಸಿಗುವಂತೆ, ಅವಳ ಕಾಯಂ ನೇಮಕದ ಫೈಲಿತ್ತು. ಅವರು ಅದನ್ನು ಮುಟ್ಟಲಿಲ್ಲ, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸವೇಶ್ವರಿಗೆ ಆಗ ನಲವತ್ತೊಂದು. ಅಣ್ಣನ ಮನೆಗೆ ತಿರುಗಿ ಹೋಗುವ ಬಾಳನ್ನು ಒಂದು ಕ್ಷಣ ನೆನೆಸಿಕೊಂಡಳು. ಹಾಳೆ ತೆಗೆದುಕೊಂಡು ಹೋಗಿ ತಿದ್ದಿ ಬರೆದಳು. ಬರೆಯಲು ಕೂತಾಗ ಅವಳ ಕೈ ಪಳಗಿದ ಕೈ. ಕಾರ್ಯದರ್ಶಿಗಳು ಕುಸಿದ ಮಾಳಿಗೆಯ ಕೆಳಗೆ ಕಂಬಳಿ ಹೊದ್ದು ನಿಂತು ಕಾಗದಗಳನ್ನು ಕಾಪಾಡಿದ ಬಗೆಯನ್ನು ಓದುವವರ ಕಣ್ಣಲ್ಲಿ ನೀರು ಬರುವಂತೆ ಬರೆದಳು. ಆ ಕಂಬಳಿ ಅವಳೇ ಕಲ್ಪಿಸಿ ಹೆಣೆದದ್ದು. ಅದನ್ನು ಯಾರೂ ಕೇಳಿರಲಿಲ್ಲ.

ಸಂಚಿಕೆ ಅಚ್ಚಾಗಿ ಬಂತು. ಅತಿಥಿಗಳಿಗೆ ಕೊಡುವ ಪ್ರತಿಗಳಿಗೆ ರಟ್ಟು ಕಟ್ಟುವ ಕೆಲಸ ಶರೀಫಸಾಬನಿಗೇ ಬಂತು, ಊರಲ್ಲಿ ಬೇರೆ ಯಾರಿಗೆ ಬರುತ್ತಿತ್ತು? ಎರಡು ದಿನ ಪಡಸಾಲೆಯಲ್ಲಿ ಕೂತು ಹೊಲಿದ. ಮೂರನೇ ದಿನ ಒಂದು ಪ್ರತಿ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದ.

"ತಂಗಿ, ಹದಿನಾಲ್ಕನೇ ಪುಟದಾಗ ವಿದ್ವಾಂಸ ಅನ್ನೋದಕ್ಕ ಒತ್ತು ಬಿಟ್ಟಾರ ನೋಡು. ವಿದಾಂಸ ಆಗ್ಯಾದ."

ಹದಿನಾಲ್ಕನೇ ಪುಟವೇ ಆ ಕಂಬಳಿಯ ಪುಟ. ಬಸವೇಶ್ವರಿ ಪುಸ್ತಕದ ಮೇಲಿಂದ ಕಣ್ಣೆತ್ತಲಿಲ್ಲ.

"ಹೌದ್ರಿ ಕಾಕಾ" ಅಂದಳು. "ಛಾಪಖಾನಿಯವ್ರು ಬಿಟ್ಟಿರಬೇಕು."

"ಹೂಂ" ಅಂದ. ಆಮೇಲೆ ಹೋಗಿ ಉಳಿದ ಪ್ರತಿಗಳನ್ನು ಹೊಲಿದು ಮುಗಿಸಿದ. ಅಂದಿನಿಂದ ಎಂಟು ವರ್ಷ ಆತ ಬದುಕಿದ್ದ. ಆ ಮಾತು ಮತ್ತೆ ತೆಗೆಯಲಿಲ್ಲ. ಮಧ್ಯಾಹ್ನ ರೊಟ್ಟಿ ತಿನ್ನಲು ಮಾತ್ರ ಅವಳ ಕೋಣೆಗೆ ಬರುವುದು ಬಿಟ್ಟ, ಹಲ್ಲು ನೋಯುತ್ತದೆ, ಮೆತ್ತಗಿನ ಅನ್ನ ತಿನ್ನಬೇಕು ಅಂತ ನೆಪ ಹೇಳಿ. ಸಂಚಿಕೆ ಬಂದ ತಿಂಗಳೇ ಬಸವೇಶ್ವರಿಗೆ ಕಾಯಂ ಆದೇಶ ಸಿಕ್ಕಿತ್ತು. ಶರೀಫಸಾಬ ತೀರಿಕೊಂಡ ಸುದ್ದಿ ಬಂದ ದಿನ ಅವಳು ರಂಗಂಪೇಟೆಯ ಓಣಿಯ ತಿರುವಿನ ತನಕ ಹೋದಳು. ಮನೆಯ ಮುಂದೆ ಜನ ಸೇರಿದ್ದು ಕಂಡಿತು. ಅಲ್ಲಿಂದಲೇ ತಿರುಗಿ ಬಂದಳು. ಕೇಳಿದವರಿಗೆ ಜ್ವರ ಬಂದಿತ್ತು ಅಂದಳು.

ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ, ಒಂದು ಭಾನುವಾರ, ದುರ್ಗಾದೇವಿ ಎಂಬಾಕೆ ಫೋನು ಮಾಡಿದಳು. ಭೀಮರಾಯನಗುಡಿ ಕ್ಯಾಂಪಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತೆ, ಮೂವತ್ತು ದಾಟಿದ ಚುರುಕು ಹೆಣ್ಣುಮಗಳು. ಆಕೆ ಮತ್ತು ನಾಲ್ಕೈದು ಗೆಳೆಯರು ರಜೆಯ ದಿನ ಸೇರಿ ಅಂತರ್ಜಾಲದ ವಿಶ್ವಕೋಶದಲ್ಲಿ ಜಿಲ್ಲೆಯ ಬಗ್ಗೆ ಇರುವ ಲೇಖನಗಳನ್ನು ತಿದ್ದುತ್ತಿದ್ದರು. ಸಂಬಳವಿಲ್ಲ, ಹೆಸರಿಲ್ಲ.

"ಕಾಗದದ ಮನಿ ಬಗ್ಗೆ ನಾಕೇ ಸಾಲು ಅದ ಮೇಡಂ, ಅದ್ರಾಗ ಇಸವಿ ಸುದ್ದ ತಪ್ಪು" ಅಂದಳು ದುರ್ಗಾದೇವಿ. "ನಮ್ ಜಿಲ್ಲಾದ ಬಗ್ಗೆ ನಾವ್ ಬರೀಲಿಲ್ಲಂದ್ರ ಯಾರ್ ಬರೀತಾರ್ರಿ? ನೀವು ಬಂದು ನಮಗ ಹೇಳ್ರಿ."

ಬಸವೇಶ್ವರಿಗೆ ಹಿಗ್ಗಾಯಿತು. ಸುಳ್ಳು ಹೇಳಿ ಏನು, ಆ ಹಿಗ್ಗು ಅವಳಿಗೆ ಬಹಳ ವರ್ಷದ ಮೇಲೆ ಬಂದದ್ದು. ಇದ್ದ ಫೋಟೋ, ಹಳೆಯ ಆಮಂತ್ರಣ ಪತ್ರಿಕೆ, ಪತ್ರಿಕೆಗಳ ತುಣುಕು ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದಳು. ಕಾಗದದ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದವರು ಎದ್ದು ನಿಂತರು. ದುರ್ಗಾದೇವಿ ನಿಯಮ ತಿಳಿಸಿದಳು: ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಆದರೆ ಪ್ರತಿ ಮಾತಿಗೂ ಎಲ್ಲಾದರೂ ಅಚ್ಚಾದ ಆಧಾರ ತೋರಿಸಬೇಕು. ಬಾಯಿಮಾತು ನಡೆಯುವುದಿಲ್ಲ.

"ಆಧಾರ ಅಂದ್ರ ಇದೇ ಛಲೋ ಅದ" ಅಂತ ಸ್ಮರಣ ಸಂಚಿಕೆ ಎತ್ತಿಕೊಂಡಳು. ಅದು ಬಸವೇಶ್ವರಿಯ ಸ್ವಂತ ಪ್ರತಿ, ಅವಳ ಚೀಲದಿಂದಲೇ ಬಂದದ್ದು.

ನಾಲ್ಕು ಭಾನುವಾರ ಕೆಲಸ ನಡೆಯಿತು. ಬಸವೇಶ್ವರಿ ಇಸವಿ ಹೇಳಿದಳು, ಫೋಟೋದಲ್ಲಿದ್ದವರನ್ನು ಗುರುತಿಸಿದಳು. ಮೂರನೇ ಭಾನುವಾರ ದುರ್ಗಾದೇವಿ ತಾನು ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಕುಸಿದ ಮಾಳಿಗೆ, ಕಂಬಳಿ ಹೊದ್ದು ನಿಂತ ಕಾರ್ಯದರ್ಶಿ, ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಮೊದಲ ಯಾದಿ. ಕೊನೆಗೆ: "ಆಧಾರ, ಸ್ಮರಣ ಸಂಚಿಕೆ, ಪುಟ ಹದಿನಾಲ್ಕು. ಬರೋಬ್ಬರಿ ಅದ ಅಲ್ರಿ ಮೇಡಂ?"

ಆ ಕ್ಷಣದಲ್ಲಿ ಅಲ್ಲ ಅನ್ನಬಹುದಾಗಿತ್ತು. ಐದು ಜನ ಅವಳ ಮುಖ ನೋಡುತ್ತಿದ್ದರು, ಅಷ್ಟು ಪ್ರೀತಿಯಿಂದ ಅವಳ ಮುಖವನ್ನು ಯಾರೂ ನೋಡಿರಲಿಲ್ಲ.

"ಬರೋಬ್ಬರಿ ಅದ" ಅಂದಳು.

ಲೇಖನ ಪ್ರಕಟವಾಯಿತು. ಫೋಟೋ, ಆಧಾರ, ಅಡಿಟಿಪ್ಪಣಿ ಎಲ್ಲದರಿಂದ ಕೂಡಿದ ಚೆಂದದ ಲೇಖನ. ತಿಂಗಳ ಒಳ್ಳೆಯ ಲೇಖನ ಅಂತ ಅದನ್ನು ಮುಖಪುಟದಲ್ಲಿ ಹಾಕಿದರು. ಗ್ರಂಥಾಲಯದ ಈಗಿನ ಕಮಿಟಿಯವರು ಅದರ ಪ್ರತಿ ತೆಗೆಸಿ, ಗಾಜಿನ ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕಿದರು. ಮೊದಲು ಸಂಚಿಕೆಯ ಮುನ್ನೂರು ಪ್ರತಿಗಳಲ್ಲಿ ಧೂಳು ಹಿಡಿದಿದ್ದ ಸುಳ್ಳು ಈಗ ಯಾರ ಫೋನಿನಲ್ಲಾದರೂ ತೆರೆದುಕೊಳ್ಳುತ್ತಿತ್ತು. ಮಲ್ಲಣ್ಣನ ಮೊಮ್ಮಗಳು ಶಾಲೆಯ ಪ್ರಬಂಧಕ್ಕೆ ಅದನ್ನೇ ನಕಲು ಮಾಡಿಕೊಂಡು ಬಂದು "ಅಜ್ಜಿ, ಈ ಕಂಬಳಿ ಹೊದ್ದ ಸರ್ ನಿಮಗ ಗೊತ್ತೇನು?" ಅಂತ ಕೇಳಿದ ದಿನ, ಬಸವೇಶ್ವರಿ ಚಪ್ಪಲಿ ಮೆಟ್ಟಿಕೊಂಡು ಭೀಮರಾಯನಗುಡಿಯ ಬಸ್ಸು ಹತ್ತಿದಳು.

ನೀರಾವರಿ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ದುರ್ಗಾದೇವಿಗೆ ಎಲ್ಲ ಹೇಳಿದಳು.

"ಅವತ್ತ ಕೇಳಿದೆನಲ್ರಿ ಮೇಡಂ ನಿಮಗ" ಅಂದಳು ದುರ್ಗಾದೇವಿ. "ಎಲ್ಲಾರ ಮುಂದ ಕೇಳಿದೆ."

"ಕೇಳಿದ್ದಿ."

ಆದರೂ ಆಕೆ ಕೆಲಸ ಬಿಡುವವಳಲ್ಲ. ಅಂದೇ ಲೇಖನದಲ್ಲಿ ಶರೀಫಸಾಬನ ಹೆಸರು ಸೇರಿಸಿದಳು. ಎರಡು ದಿನಕ್ಕೆ ಯಾರೋ ಅದನ್ನು ತೆಗೆದರು: ಆಧಾರವಿಲ್ಲ. ಲೇಖನದ ಚರ್ಚೆಯ ಪುಟದಲ್ಲಿ ನೀವೇ ಬರೆಯಿರಿ ಅಂತ ದುರ್ಗಾದೇವಿ ಹೇಳಿದ್ದಕ್ಕೆ ಬಸವೇಶ್ವರಿ ಬರೆದಳು. ಸಂಚಿಕೆಯ ಆ ಪುಟ ಬರೆದವಳು ನಾನು, ಅದು ಸುಳ್ಳು, ನಿಜ ಹೀಗಿದೆ. ತನ್ನ ಹೆಸರು, ಊರು, ಕೆಲಸ ಮಾಡಿದ ವರ್ಷ ಎಲ್ಲ ಹಾಕಿದಳು. ಬದುಕಿನಲ್ಲಿ ಮೊದಲ ಸಲ ತನ್ನ ಹೆಸರಿನಲ್ಲಿ ಬರೆದದ್ದು ಅದು.

ಎಲ್ಲೋ ದೂರದೂರಿನ, ಮುಖ ಕಾಣದ ಒಬ್ಬ ಸಂಪಾದಕ ಬಹಳ ಮರ್ಯಾದೆಯಿಂದ ಉತ್ತರ ಬರೆದ. 'ತಾವು ಹೇಳುವುದು ನಿಜವಿರಬಹುದು. ಆದರೆ ಇಲ್ಲಿ ನಿಜವಾಗಿದ್ದರೆ ಸಾಲದು, ಪ್ರಕಟವೂ ಆಗಿರಬೇಕು. ಅಲ್ಲದೆ ಸಂಚಿಕೆಯ ಲೇಖನದ ಕೆಳಗೆ ವಿಶ್ವರಾಧ್ಯ ಅವರ ಹೆಸರಿದೆ. ಅದನ್ನು ಬರೆದವರು ತಾವು ಎಂಬುದಕ್ಕೆ ಆಧಾರವೇನು?'

ಅದಕ್ಕೆ ಆಧಾರ ಎಲ್ಲಿತ್ತು? ಕರಡು ಹಾಳೆಗಳನ್ನು ಅವಳೇ ಹರಿದು ಹಾಕಿದ್ದಳು.

ವಿಶ್ವರಾಧ್ಯರು ಒಂದು ಸಾಲು ಬರೆದುಕೊಟ್ಟರೆ ಸಾಕಾಗಿತ್ತು. ಅವರಿಗೆ ಆಗ ಎಂಬತ್ತೊಂದು. ಬಸವೇಶ್ವರಿ ಅವರ ಮನೆಗೆ ಹೋದಳು, ಸೊಸೆ ಬಾಗಿಲು ತೆರೆದು ಒಳಗೆ ಕರೆದಳು. ಮುದುಕರು ಆರಾಮ ಕುರ್ಚಿಯಲ್ಲಿ ಕೂತಿದ್ದರು. ಗುರುತು ಹಿಡಿದರು, ಸಂತೋಷಪಟ್ಟರು. ಬಸವೇಶ್ವರಿ ಬಂದ ಕಾರಣ ಹೇಳಿದಳು.

"ಶರೀಫ?" ಅಂದರು. "ಹೌದು, ಇದ್ದ. ಛಲೋ ಬೈಂಡಿಂಗ್ ಮಾಡತಿದ್ದ."

"ಸರ್, ಯಾದಿ ಮಾಡಿದವ್ರು ಅವ್ರ್ರಿ. ಕಾಗದ ಒಣಗ್ಸಿದವ್ರೂ ಅವ್ರೇ. ನಿಮಗ ನೆಪ್ಪದ ಅಲ್ರಿ?"

ಮುದುಕರು ಅವಳನ್ನು ನೋಡಿದ ನೋಟದಲ್ಲಿ ಕಪಟವಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅವತ್ತ ಏನ್ ಮಳೀ ಅಂತೀ ಬಸವೇಶ್ವರಿ" ಅಂದರು. "ಎರಡ್ ದಿನ ನಿಂತೆ ನಾ ಅಲ್ಲಿ, ಕಂಬಳಿ ಹೊಚ್ಚಿಗೊಂಡು. ನೀನೇ ಬರದಿದ್ದೆಲ್ಲ, ಎಷ್ಟ್ ಚಂದ ಬರದಿದ್ದಿ! ಆ ಕಂಬಳಿ ಇನ್ನೂ ನಮ್ ಮನ್ಯಾಗ ಇರಬೇಕು ನೋಡು."

ಸೊಸೆ ಚಹಾ ತಂದಳು. ಬಸವೇಶ್ವರಿ ಕುಡಿದು ಎದ್ದಳು.

ಇನ್ನು ಉಳಿದದ್ದು ಉರ್ದು ರಿಜಿಸ್ಟರು. ಅದು ಶರೀಫಸಾಬನ ಮಗಳು ಸಾಬೇರಾಳ ಹತ್ತಿರ ಇದ್ದೀತು ಅಂತ ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಗೆ ಕೊನೆಗೆ ಹೋದಳು. ಸಾಬೇರಾಳನ್ನು ಶಹಾಪುರಕ್ಕೆ ಕೊಟ್ಟಿದ್ದರು, ಊರಬಾಗಿಲ ಅಗಸಿಯ ಹತ್ತಿರ ಮನೆಯ ಮುಂದಿನ ಕೋಣೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಐವತ್ತರ ಹೆಂಗಸು, ಅಪ್ಪನದೇ ಹಣೆ. ಬಸವೇಶ್ವರಿ ತನ್ನ ಹೆಸರು ಹೇಳಿದಾಗ ಮಿಷನ್ನಿನ ಗಾಲಿ ನಿಲ್ಲಿಸಿದಳು.

"ಗೊತ್ತದ" ಅಂದಳು. "ಕುಂದ್ರಿ."

ಬಸವೇಶ್ವರಿ ಎಲ್ಲ ಹೇಳಿದಳು, ತಾನು ಬರೆದದ್ದನ್ನು ಮುಚ್ಚಿಡದೆ. ಸಾಬೇರಾ ಕುಪ್ಪಸದ ತೋಳಿಗೆ ಗುಂಡುಸೂಜಿ ಚುಚ್ಚುತ್ತ ಕೇಳಿದಳು.

"ಆ ಮಳಿಗಾಲ ನಾ ಒಂಬತ್ತು ವರ್ಷದಾಕಿ" ಅಂದಳು. "ನಮ್ ಮನ್ಯಾಗ ಮಲಗಾಕ ಜಾಗ ಇರ್ಲಿಲ್ಲ. ಹಾಸಗಿ ಮ್ಯಾಲ ಕಾಗದ, ಮಂಚದ ಮ್ಯಾಲ ಕಾಗದ. ಅಮ್ಮಿ ಅಡಗಿ ಮನಿ ಹೊಚ್ಚಲದಾಗ ಮಲಗ್ತಿದ್ದಳು. ನಾ ಸಾಲಿ ಬಿಟ್ಟು ಕೆಂಡಾ ಕಾಯ್ತಿದ್ದೆ, ಕಿಡಿ ಹಾರಬಾರದಂತ. ಆ ವರ್ಷ ಸಾಲಿ ತಪ್ಪಿದ್ದು ಮುಂದ ತಪ್ಪೇ ಹೋತು. ಇದೂ ಬರೀತೀರೇನು ನಿಮ್ಮ ವಿಶ್ವಕೋಶದಾಗ?"

ಸಾಬೇರಾ ತೋಳಿಗೆ ಇನ್ನೊಂದು ಗುಂಡುಸೂಜಿ ಚುಚ್ಚಿದಳು.

"ಅಬ್ಬಾ ಹೋದಾಗ ನೀವು ಬರ್ತೀರಿ ಅಂತ ಅಮ್ಮಿ ಬಾಗಿಲ ನೋಡಾಕತ್ತಿದ್ದಳು. ಬಸವೇಶ್ವರಿ ಬಾಯಿ ಬಂದಾಳೇನು ನೋಡು ಅಂತ ನನ್ನ ಎರಡ್ ಸರ್ತಿ ಹೊರಗ ಕಳಿಸಿದಳು."

"ನನಗ ಮಾರಿ ತೋರಸಾಕ ಆಗ್ಲಿಲ್ಲವ್ವ."

"ಈಗ ಆಗಾಕತ್ತದೇನು?"

ಹಾಗೆ ಕೇಳಿದರೂ ಸಾಬೇರಾ ಒಳಗೆ ಹೋಗಿ ಟ್ರಂಕಿನಿಂದ ರಿಜಿಸ್ಟರು ತಂದು ಮುಂದಿಟ್ಟಳು. ಅವಳಿಗೆ ಉರ್ದು ಬರುತ್ತಿರಲಿಲ್ಲ, ಕಲಿಯುವ ಮೊದಲೇ ಸಾಲೆ ಬಿಟ್ಟಿದ್ದಳು. ನಂಬರಿಲ್ಲದೆ ಬರೆದ ಕೊನೆಯ ಹಾಳೆಯಲ್ಲಿ ಏನಿದೆ ಅಂತ ತನಗೆ ಎಂದೂ ತಿಳಿದಿಲ್ಲ, ಓದಿ ಹೇಳ್ರಿ ಅಂದಳು.

ಬಸವೇಶ್ವರಿ ಕನ್ನಡಕ ಹಾಕಿಕೊಂಡಳು. ಹಳೆಯ ಕಾರ್ಡುಗಳ ಬೆನ್ನ ಮೇಲೆ ಕಲಿತ ಅಕ್ಷರ ಇನ್ನೂ ಕೈಬಿಟ್ಟಿರಲಿಲ್ಲ. ಕೊನೆಯ ಹಾಳೆಯಲ್ಲಿ ಯಾದಿ ಮುಗಿದ ತಾರೀಖು ಇತ್ತು. ಅದರ ಕೆಳಗೆ ಮೂರು ಸಾಲು. ಅವಳು ಒಂದೊಂದೇ ಪದ ಕನ್ನಡಕ್ಕೆ ಇಳಿಸಿ ಓದಿದಳು: 'ಆರುನೂರ ಹನ್ನೆರಡರಿಂದ ಎಂಟುನೂರ ಎಪ್ಪತ್ತರ ತನಕ ಕನ್ನಡದ ಕಟ್ಟುಗಳನ್ನು ಓದಿ ಹೇಳಿದವಳು ಬಸವೇಶ್ವರಿ, ಶಹಾಪುರ. ಅವಳಿಲ್ಲದೆ ಈ ಕೆಲಸ ಮುಗಿಯುತ್ತಿರಲಿಲ್ಲ. ಮುಂದೆ ಓದುವವರು ಅವಳ ಹೆಸರು ಮರೆಯಬಾರದು.'

ಕೊನೆಯ ಸಾಲನ್ನು ಅರ್ಧಕ್ಕೆ ನಿಲ್ಲಿಸಿ ಮೊದಲಿಂದ ಓದಿದಳು. ಸಾಬೇರಾ ಕಾದಳು. ಅವಸರ ಮಾಡಲಿಲ್ಲ, ನೀರೂ ಕೊಡಲಿಲ್ಲ. ಪೂರಾ ಕೇಳಿಸಿಕೊಂಡ ಮೇಲೆ ರಿಜಿಸ್ಟರನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಫೋಟೋ ಬೇಕಂದ್ರ ತಕ್ಕೊಂಡು ಹೋಗ್ರಿ" ಅಂದಳು. "ಇದನ್ನ ಕೊಡಂಗಿಲ್ಲ. ಕಾಗದದ ಮನಿಗಂತೂ ಕೊಡಂಗಿಲ್ಲ."

ಕೈಬರಹದ ರಿಜಿಸ್ಟರಿನ ಫೋಟೋ ವಿಶ್ವಕೋಶದಲ್ಲಿ ನಡೆಯಲಿಲ್ಲ, ಅದೂ ಅಚ್ಚಾದದ್ದಲ್ಲ. ಕೊನೆಗೆ ಬಸವೇಶ್ವರಿ ಆರು ಪುಟದ ಲೇಖನ ಬರೆದು ಕಲಬುರಗಿಯ ಪತ್ರಿಕೆಯೊಂದಕ್ಕೆ ಕಳಿಸಿದಳು. ಮೂರು ತಿಂಗಳು ಸುದ್ದಿಯಿಲ್ಲ. ಫೋನು ಮಾಡಿ ಮಾಡಿ ಸಾಕಾದ ಮೇಲೆ ಒಂದು ಶುಕ್ರವಾರ ಜಿಲ್ಲಾ ಪುಟದ ಮೂಲೆಯಲ್ಲಿ, ಬೀಜದ ಜಾಹೀರಾತಿನ ಪಕ್ಕ, ಅಂಗೈಯಗಲ ಬಂತು. ಕಮಿಟಿ ತಿಪ್ಪೆಗೆ ಹಾಕಲು ಹೇಳಿದ್ದನ್ನು ಕತ್ತರಿಸಿದ್ದರು. 'ನಾನು ಸುಳ್ಳು ಬರೆದೆ' ಎಂಬ ಸಾಲನ್ನೂ ಕತ್ತರಿಸಿದ್ದರು, ಅದಿಲ್ಲದೆ ಉಳಿದದ್ದಕ್ಕೆ ಅರ್ಥವೇ ಇರಲಿಲ್ಲ. ಮಿಕ್ಕದ್ದು, ಹಿಂದೆ ಶರೀಫಸಾಬ ಎಂಬ ನಿಷ್ಠಾವಂತ ನೌಕರರಿದ್ದರು ಎಂಬ ನೆನಪಿನ ಮಾತು.

ಆದರೂ ಅಚ್ಚಾದ ಆಧಾರ. ದುರ್ಗಾದೇವಿ ಅದನ್ನು ಹಿಡಿದುಕೊಂಡು ಹದಿನೈದು ದಿನ ಚರ್ಚೆಯ ಪುಟದಲ್ಲಿ ಜಗಳಾಡಿದಳು. ಒಬ್ಬರು ಇರಲಿ ಅಂದರು, ಇಬ್ಬರು ಬೇಡ ಅಂದರು, ಮತ್ತೊಬ್ಬರು ನಡುದಾರಿ ತೋರಿಸಿದರು. ಮುಗಿದಾಗ ಲೇಖನದ ಕೆಳಭಾಗದಲ್ಲಿ, ಇತರ ವಿವರಗಳು ಎಂಬ ಶೀರ್ಷಿಕೆಯಡಿ, ಒಂದು ವಾಕ್ಯ ಉಳಿದಿತ್ತು: 'ಈ ಕಾರ್ಯದಲ್ಲಿ ಶರೀಫಸಾಬ ಎಂಬ ನೌಕರರೂ ನೆರವಾದರು ಎಂದು ನಿವೃತ್ತ ಸಹಾಯಕಿಯೊಬ್ಬರು ಹೇಳಿಕೊಂಡಿದ್ದಾರೆ.' ಮೇಲ್ಭಾಗದಲ್ಲಿ ಕಂಬಳಿಯ ಕತೆ ಇದ್ದಲ್ಲೇ ಇತ್ತು.

"ಇಷ್ಟೇ ಆಯ್ತು ಮೇಡಂ" ಅಂದಳು ದುರ್ಗಾದೇವಿ ಫೋನಿನಲ್ಲಿ. ದಣಿದಿದ್ದಳು. ಮುಂದಿನ ಭಾನುವಾರದಿಂದ ಆಕೆಯ ಗುಂಪು ಕೋಟೆಗಳ ಲೇಖನಗಳಿಗೆ ಹೋಗುವುದಿತ್ತು. ಬಸವೇಶ್ವರಿಯನ್ನು ಕರೆಯಲಿಲ್ಲ.

ಆ ವಾಕ್ಯವನ್ನು ಸಾಬೇರಾಗೆ ತೋರಿಸಬೇಕೋ ಬೇಡವೋ ಅಂತ ಬಸವೇಶ್ವರಿ ಒಂದು ವಾರ ಯೋಚಿಸಿದಳು. ಮುಚ್ಚಿಡುವುದು ಇನ್ನು ಸಾಕು ಅನ್ನಿಸಿ ಹೋದಳು. ಸಾಬೇರಾ ಗಿರಾಕಿಯೊಬ್ಬಳ ಅಳತೆ ತೆಗೆದು ಕಳಿಸಿ, ಫೋನು ಇಸಿದುಕೊಂಡು, ಕನ್ನಡ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ಓದಲು ಹೊತ್ತು ಹಿಡಿಯಿತು.

"ನೆರವಾದರು" ಅಂದಳು. "ನಮ್ಮಪ್ಪ ಯಾರಿಗ್ರಿ ನೆರವಾಗಿದ್ದು? ಅಲ್ಲಿ ಮತ್ಯಾರಿದ್ರು?"

ಫೋನನ್ನು ಬಸವೇಶ್ವರಿಯ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸಿ, ಮಿಷನ್ನು ತುಳಿಯತೊಡಗಿದಳು. ಬಸವೇಶ್ವರಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಮತ್ತೊಬ್ಬ ಗಿರಾಕಿ ಬಂದಳು, ಕೂಡಲು ಇದ್ದದ್ದು ಅದೊಂದೇ ಸ್ಟೂಲು, ಎದ್ದು ಜಾಗ ಬಿಟ್ಟಳು.